ಸೊಪ್ಪಿನ ಗಮ್ಮು

ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದು ಜಡೆಯ ಮೂರು ಎಳೆ ನನ್ನ ಬೆರಳುಗಳ ನಡುವೆ ಇದ್ದಾಗ ಯಾರೋ ಬಾಗಿಲು ಬಡಿದರು.

“ಅಲ್ಲಾಡಬೇಡ, ಒಂದು ನಿಮಿಷ” ಎಂದೆ. ಮಗಳು ಅಲ್ಲಾಡಲಿಲ್ಲ. ಈಗೀಗ ಅವಳು ಅಲ್ಲಾಡುವುದೇ ಇಲ್ಲ. ಮೊದಲೆಲ್ಲ ಅವಳ ತಲೆ ಬಾಚುವುದೆಂದರೆ ಮನೆಯವರೆಲ್ಲ ಸೇರಿ ಮಾಡುವ ಕೆಲಸ. ನಾನು ಬಾಚಣಿಗೆ ಹಿಡಿಯುವುದು, ಅವಳ ಅಪ್ಪ ಅವಳನ್ನು ಹಿಡಿಯುವುದು, ಅತ್ತೆ ಪಕ್ಕದಲ್ಲಿ ಕುಳಿತು ನಮ್ಮಿಬ್ಬರನ್ನೂ ಬೈಯುವುದು. ಅಪ್ಪ ಹೋದ ಈ ನಾಲ್ಕು ತಿಂಗಳಲ್ಲಿ ಸಿಕ್ಕು ಎಷ್ಟೇ ಎಳೆದರೂ ಅವಳು “ಅಯ್ಯೋ” ಎಂದಿಲ್ಲ. ಗೋಡೆ ನೋಡುತ್ತ ಕುಳಿತಿರುತ್ತಾಳೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. “ಬಾಗಿಲು ನೋಡಮ್ಮ. ನಾನಂತೂ ತೆಗಿಯಲ್ಲ, ನನ್ನ ಹಲ್ಲಿನ್ನೂ ಲೋಟದಲ್ಲಿದೆ.”

ಜಡೆ ಬಿಟ್ಟು ಎದ್ದೆ. ಬಾಗಿಲಲ್ಲಿ ಹಲ್ಲಕ್ಕ ನಿಂತಿದ್ದಳು, ಹೆಗಲಿಗೆ ಅದೇ ನೀಲಿ ಪೆಟ್ಟಿಗೆ.

ಹಲ್ಲಕ್ಕ ಎನ್ನುವುದು ಶಾಲೆಯ ಮಕ್ಕಳು ಇಟ್ಟ ಹೆಸರು. ಹಲ್ಲಿನ ಬಗ್ಗೆ ಸಂಶೋಧನೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಹೋದ ವರ್ಷ ಶಾಲೆಗೆ ಬಂದು ಮೂರನೇ ಮತ್ತು ನಾಲ್ಕನೇ ತರಗತಿಯ ಅರವತ್ತು ಮಕ್ಕಳನ್ನು ಆರಿಸಿಕೊಂಡಿದ್ದಳು. ನಮ್ಮಿಂದಲೂ ಸಹಿ ತೆಗೆದುಕೊಂಡಳು. ಅವರು ಪರೀಕ್ಷಿಸಲು ಹೊರಟಿದ್ದದ್ದು ಹಲ್ಲು ಹುಳುಕು ಹಿಡಿಯದಂತೆ ತಡೆಯುವ ಒಂದು ಚೂಯಿಂಗ್ ಗಮ್. ಚಹಾದ ಎಲೆ, ಅತಿಮಧುರದ ಬೇರು, ಇನ್ನೊಂದೆರಡು ಗಿಡಗಳಿಂದ ತೆಗೆದ ಸಾರವನ್ನು ಗಮ್ಮಿನಲ್ಲಿ ಸೇರಿಸಿದ್ದರು. ದಿನಾ ಸಂಜೆ ತಿಂಡಿ ತಿಂದ ಮೇಲೆ ಒಂದು ಗಮ್ಮು, ಇಪ್ಪತ್ತು ನಿಮಿಷ ಅಗಿಯಬೇಕು. ಅಗಿದದ್ದನ್ನು ಉಗುಳಿ ಬಿಸಾಡುವಂತಿಲ್ಲ. ಅದರದ್ದೇ ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ಡಬ್ಬಿಯಲ್ಲಿ ಹಾಕಿಡಬೇಕು. ತಿಂಗಳಿಗೊಮ್ಮೆ ಹಲ್ಲಕ್ಕ ಬಂದು ಡಬ್ಬಿ ತೆಗೆದುಕೊಂಡು, ಮಕ್ಕಳ ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ನೋಡಿ ಹೋಗುತ್ತಿದ್ದಳು.

ಇದರಲ್ಲಿ ಒಂದು ಗುಟ್ಟಿತ್ತು. ಮೂವತ್ತು ಮಕ್ಕಳಿಗೆ ಗಿಡದ ಸಾರ ಇರುವ ಗಮ್ಮು, ಉಳಿದ ಮೂವತ್ತು ಮಕ್ಕಳಿಗೆ ಬರೀ ಗಮ್ಮು. ಎರಡರ ಬಣ್ಣವೂ ಒಂದೇ ತೆಳು ಹಸಿರು, ವಾಸನೆಯೂ ಒಂದೇ. ಯಾರದ್ದು ಯಾವುದು ಎಂದು ಹಲ್ಲಕ್ಕನಿಗೂ ತಿಳಿದಿರಲಿಲ್ಲ. ಡಬ್ಬಿಯ ಮೇಲೆ ಒಂದು ಸಂಖ್ಯೆ, ಅಷ್ಟೇ. ನಮ್ಮವಳದ್ದು ನಲವತ್ತೊಂದು. ಮಕ್ಕಳು ಎರಡಕ್ಕೂ ಹೆಸರಿಟ್ಟಿದ್ದರು, ಸೊಪ್ಪಿನದು ಮತ್ತು ಬರೀದು. ತನ್ನದೇ ಸೊಪ್ಪಿನದು ಎಂದು ಒಬ್ಬೊಬ್ಬರ ಜಂಬ.

“ಅಕ್ಕಾ, ಮಗು ಸ್ಕೂಲಿಗೆ ಹೋದ ಮೇಲೆ ಒಂದು ಹತ್ತು ನಿಮಿಷ ಮಾತಾಡಬಹುದಾ?” ಎಂದು ಹಲ್ಲಕ್ಕ ಮೆಲ್ಲಗೆ ಕೇಳಿದಳು.

ತಿರುಗಿ ನೋಡಿದರೆ ಮಗಳು ಸ್ಟೂಲಿನ ಮೇಲಿರಲಿಲ್ಲ. ಒಳಕೋಣೆಯಲ್ಲಿ ನಿಂತು ಅರ್ಧ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಿದ್ದಳು, ಹೇಗೆಂದರೆ ಹಾಗೆ. ಮುಖ ಬಿಳಿಚಿತ್ತು.

“ಏನಾಯ್ತು ಮರಿ?”

“ಏನಿಲ್ಲ. ಲೇಟಾಯ್ತು.”

ಅತ್ತೆ ಹಲ್ಲಿನ ಸೆಟ್ಟು ಹಾಕಿಕೊಂಡು ಹೊರಬಂದರು. ಶಾಲೆ ಬೀದಿಯ ತುದಿಯಲ್ಲಿದೆ, ದಿನಾ ಮೊಮ್ಮಗಳನ್ನು ಬಿಟ್ಟು ಬರುವುದು ಅವರೇ. ಹಲ್ಲಕ್ಕನನ್ನು ಕಂಡರೆ ಅವರಿಗೆ ಏನಾದರೂ ಒಂದು ಅನ್ನದೆ ಇರಲಾಗದು.

“ಬಂದ್ಯಾ ತಾಯಿ? ನನ್ನ ಬಾಯಲ್ಲಿ ಹಲ್ಲಿದ್ದಾಗ ಎಲ್ಲಿ ಹೋಗಿದ್ದೆ ನೀನು?”

“ಆಗ ನಾನು ಹುಟ್ಟೇ ಇರಲಿಲ್ಲ ಅಜ್ಜಿ.”

“ಅದೇ ನಾನು ಹೇಳ್ತಿರೋದು. ತಡ ಮಾಡ್ಬಿಟ್ಟೆ.”

ಹಲ್ಲಕ್ಕ ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ಮಗಳು ಅವಳ ಕಡೆ ನೋಡದೆ, ಅಜ್ಜಿಯ ಕೈ ಹಿಡಿದು ಹೊರಟುಬಿಟ್ಟಳು. ಹೊಸ್ತಿಲಲ್ಲಿ ತಡೆದು ಆ ಸೊಟ್ಟ ಜಡೆ ಬಿಚ್ಚಿ ಸರಿಯಾಗಿ ಹೆಣೆದು ಕಳಿಸಿದೆ. ಅವಳ ಕತ್ತಿನ ಹಿಂಭಾಗ ಬೆವತಿತ್ತು.

ಅವಳ ಮನಸ್ಸಿನಲ್ಲಿ ಏನೋ ಇದೆ ಎಂದು ನನಗೆ ಅವಳಪ್ಪ ತೀರಿಹೋದ ವಾರದಿಂದಲೇ ಗೊತ್ತು. ಹತ್ತಿರ ಬರುತ್ತಾಳೆ. “ಅಮ್ಮಾ” ಎನ್ನುತ್ತಾಳೆ. “ಏನು ಮರಿ?” ಎಂದರೆ ಒಂದು ಕ್ಷಣ ನೆಲ ನೋಡಿ, “ಏನಿಲ್ಲ” ಎಂದು ಹೋಗಿಬಿಡುತ್ತಾಳೆ. ನಾನು ಹೊಲಿಯುತ್ತಿರುವಾಗ, ಪಾತ್ರೆ ತೊಳೆಯುತ್ತಿರುವಾಗ, ಒಮ್ಮೆ ನಾನು ಸ್ನಾನ ಮಾಡುತ್ತಿದ್ದಾಗ ಬಾಗಿಲ ಆಚೆಯಿಂದಲೂ ಹಾಗೆಯೇ. “ಅಮ್ಮಾ.” “ಏನು?” “ಏನಿಲ್ಲ.” ಒತ್ತಾಯ ಮಾಡಿ ನೋಡಿದೆ, ಮುದ್ದು ಮಾಡಿ ನೋಡಿದೆ. ಕೊನೆಗೆ ಸುಮ್ಮನೆ ಕಾಯುವುದೇ ಸರಿ ಎಂದುಕೊಂಡೆ. ಒಂಬತ್ತು ವರ್ಷದ ಮಗು ತಾನಾಗಿ ಕೇಳಬೇಕು. ಕೇಳಿದಾಗ ನಾನು ಅಲ್ಲಿರಬೇಕು. ಇಷ್ಟನ್ನಾದರೂ ಕೆಡಿಸಬಾರದು ಎಂದು ನಾಲ್ಕು ತಿಂಗಳಿಂದ ಮನೆ ಬಿಟ್ಟು ಎಲ್ಲಿಗೂ ಹೋಗದೆ, ಮನೆಯಲ್ಲೇ ಮಾಡುವಷ್ಟು ಹೊಲಿಗೆ ಕೆಲಸ ಒಪ್ಪಿಕೊಂಡು ಕುಳಿತಿದ್ದೇನೆ.

ಹೊಲಿಗೆ ಯಂತ್ರದ ಮೇಜಿನ ಮೇಲೆ ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳ ರಾಶಿ ಇತ್ತು. ಪಕ್ಕಕ್ಕೆ ಸರಿಸಿದೆ. ಹಲ್ಲಕ್ಕ ಪೆಟ್ಟಿಗೆಯಿಂದ ಒಂದು ಬಿಳಿ ಕಾಗದ ತೆಗೆದು ಹಾಸಿ, ಅದರ ಮೇಲೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಕವರುಗಳನ್ನು ಎರಡು ಸಾಲಾಗಿ ಜೋಡಿಸಿದಳು. ಪ್ರತಿ ಕವರಿನಲ್ಲೂ ಅಗಿದ ಒಂದು ಗಮ್ಮು, ಅದನ್ನು ಸುತ್ತಿದ್ದ ಕಾಗದ. ಕಾಗದದ ಮೇಲೆ ನನ್ನ ಮಗಳ ಗುಂಡಗಿನ ಅಕ್ಷರದಲ್ಲಿ ತಾರೀಖು.

“ವರ್ಷ ಮುಗಿಯೋವರೆಗೂ ಇದನ್ನೆಲ್ಲ ಫ್ರೀಜರಿನಲ್ಲೇ ಇಟ್ಟಿರ್ತೀವಿ ಅಕ್ಕಾ. ಆಮೇಲೆ ಒಟ್ಟಿಗೆ ತೂಕ ಮಾಡೋದು. ಹೋದ ವಾರ ನಲವತ್ತೊಂದನೇ ನಂಬರಿನ ಡಬ್ಬಿಗಳನ್ನ ತೂಕ ಮಾಡಿದ್ವಿ.” ಅವಳು ಮೇಲಿನ ಸಾಲಿನ ಕವರೊಂದನ್ನು ಮುಟ್ಟಿದಳು. “ಇದು ಎರಡನೇ ತಿಂಗಳದ್ದು. ಇದು ನೋಡಿ, ನಾಲ್ಕನೇ ತಿಂಗಳದ್ದು.”

ಮೇಲಿನದು ಚಪ್ಪಟೆಯಾಗಿ, ಬೆಳ್ಳಗೆ, ಜೀವ ಕಳೆದುಕೊಂಡಂತಿತ್ತು. ಕೆಳಗಿನದು ದಪ್ಪಗೆ ಉಂಡೆಯಾಗಿತ್ತು. ಅಲ್ಲಲ್ಲಿ ಹಸಿರು ಇನ್ನೂ ಉಳಿದಿತ್ತು.

“ಗಮ್ಮಲ್ಲಿ ಒಂದು ಥರದ ಸಿಹಿ ಇರುತ್ತೆ. ಸಕ್ಕರೆ ಅಲ್ಲ, ಹಲ್ಲು ಕೆಡಿಸದೇ ಇರೋ ಸಿಹಿ. ಅಗೀತಾ ಅಗೀತಾ ಅದು ಎಂಜಲಲ್ಲಿ ಕರಗಿ ಹೋಗುತ್ತೆ, ಗಮ್ಮು ಹಗುರಾಗುತ್ತೆ. ಎಲ್ಲಾ ಮಕ್ಕಳದ್ದೂ ಹಗುರಾಗಿದೆ. ನಿಮ್ಮ ಮಗಳದ್ದು ಮೊದಲೆರಡು ತಿಂಗಳು ಸರಿಯಾಗಿದೆ. ಕೊನೇ ನಾಲ್ಕು ತಿಂಗಳೂ ಸರಿಯಾಗಿದೆ. ನಡುವಿನದು ಮಾತ್ರ ಭಾರ ಹಾಗೇ ಇದೆ.”

“ಹಾಗಂದ್ರೆ ಅವಳು ಅಗಿದಿಲ್ಲ ಅಂತನಾ?”

“ಅಗಿದಿದ್ದಾರೆ ಅಕ್ಕಾ. ಪೂರ್ತಿ ಇಪ್ಪತ್ತು ನಿಮಿಷ ಅಗಿದಿರಬೇಕು, ಅಷ್ಟು ಚೆನ್ನಾಗಿ ಅಗಿದಿದ್ದಾರೆ. ಆದ್ರೆ ಆ ಬಾಯಲ್ಲಿ ನೀರಿರಲಿಲ್ಲ.”

ಕೈಯಲ್ಲಿದ್ದ ಅಳತೆ ಟೇಪನ್ನು ಸುತ್ತುತ್ತಿದ್ದೆ. ಸುತ್ತುವುದು ನಿಂತಿತು.

ಅವಳು ಪೆಟ್ಟಿಗೆಯಿಂದ ಭೂತಕನ್ನಡಿ ತೆಗೆದು ನನ್ನ ಕೈಗಿತ್ತಳು. “ಹಲ್ಲಿನ ಗುರುತು ನೋಡಿ. ಇಷ್ಟು ಅಗಲ ಮಕ್ಕಳ ಹಲ್ಲು ಇರಲ್ಲ. ದೊಡ್ಡವರು ಯಾರೋ ಅಗಿದಿದ್ದಾರೆ. ತಪ್ಪು ತಿಳ್ಕೋಬೇಡಿ. ಅಜ್ಜಿ ಇರಬಹುದಾ ಅಂತ…”

“ಅವರದ್ದು ಕಟ್ಟಿಸಿದ ಹಲ್ಲು, ಗಮ್ಮು ಅಂಟಿಕೊಳ್ಳುತ್ತಲ್ಲ” ಎಂದೆ. ನನ್ನ ದನಿ ನನಗೇ ಬೇರೆ ಯಾರದ್ದೋ ಎನಿಸಿತು.

ಭೂತಕನ್ನಡಿಯ ಕೆಳಗೆ ಆ ಗಮ್ಮಿನಲ್ಲಿ ಎರಡು ಆಳವಾದ ಹಳ್ಳಗಳಿದ್ದವು, ಪಕ್ಕದಲ್ಲಿ ಮೂಲೆ ಮುರಿದ ಹಲ್ಲಿನ ಒಂದು ಓರೆ ಗೀಟು. ಆ ಮುರಿದ ಮೂಲೆ ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯಲು ಹೋಗಿ, ನನ್ನೆದುರು ಶೂರನಾಗಲು ಹೋಗಿ, ಮುರಿದುಕೊಂಡ ಹಲ್ಲು ಅದು.

ನನ್ನ ಗಂಡ ಬಸ್ ಕಂಡಕ್ಟರ್. ಇಡೀ ಬಸ್ಸಿಗೆ ಕೇಳುವಂತೆ ನಿಲ್ದಾಣದ ಹೆಸರು ಕೂಗುತ್ತಿದ್ದ ಗಂಟಲು. ಮನೆಗೆ ಬಂದರೂ ಅದೇ ಚಾಳಿ. ಅಡುಗೆಮನೆಯಲ್ಲಿ ನಾವು ಮೂವರೂ ಸೇರಿಕೊಂಡರೆ “ಒಳಗೆ ನಡೀರಿ, ಒಳಗೆ ಜಾಗ ಇದೆ” ಎನ್ನುವರು. ಮಗಳನ್ನು ಕರೆಯುತ್ತಿದ್ದದ್ದು ಚಿಲ್ಲರೆ ಎಂದು. “ಎಲ್ಲಿ ನನ್ನ ಚಿಲ್ಲರೆ? ಚಿಲ್ಲರೆ ಇಲ್ಲದೆ ಕೈಕಾಲೇ ಆಡಲ್ಲ ನಂಗೆ.” ಆ ಗಂಟಲಲ್ಲೇ ಗಡ್ಡೆ ಎದ್ದಿತು. ಆಸ್ಪತ್ರೆಯಲ್ಲಿ ಆರು ವಾರ ಕರೆಂಟು, ಅಂದರೆ ರೇಡಿಯೇಷನ್ನು, ಕೊಟ್ಟರು. ಅದಕ್ಕೆ ಮುಂಚೆ ಬಲಗಡೆಯ ದವಡೆ ಹಲ್ಲು ನಾಲ್ಕನ್ನು ಕಿತ್ತರು, ಮುಂದೆ ಕೀವಾಗಬಾರದೆಂದು. ಕರೆಂಟು ಮುಗಿಯುವಷ್ಟರಲ್ಲಿ ದನಿ ಹೋಗಿತ್ತು, ಬಾಯೊಳಗಿನ ನೀರೂ ಹೋಗಿತ್ತು. ಎಂಜಲು ಹುಟ್ಟುವ ಜಾಗವೇ ಸುಟ್ಟುಹೋಗಿದೆ ಎಂದು ಡಾಕ್ಟರು ಹೇಳಿದರು. ಬ್ರೆಡ್ಡಿನ ಚೂರು ನಾಲಿಗೆಗೆ ಅಂಟಿಕೊಂಡರೆ ಬೆರಳು ಹಾಕಿ ತೆಗೆಯಬೇಕಾಗಿತ್ತು. ನೀರಿನ ಬಾಟಲಿ ಕೈಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಮ್ಮಿನ ಮೂರನೇ ಡಬ್ಬಿ ಆಗತಾನೆ ಶುರುವಾಗಿತ್ತು.

ನಾನು ನೋಡಿದ್ದೆ. ನೋಡಿಯೂ ನನಗೆ ತಿಳಿಯಲಿಲ್ಲ, ಅದೇ ಈಗ ಸಂಕಟ. ಸಂಜೆ ಐದರ ಹೊತ್ತಿಗೆ ಕಿಟಕಿಯ ಪಕ್ಕ ಅಪ್ಪ ಮಗಳು ಕುಳಿತಿರುತ್ತಿದ್ದರು. ಅವರು ಎಡಗಡೆಯಿಂದ ನಿಧಾನವಾಗಿ ಏನನ್ನೋ ಅಗಿಯುತ್ತಿದ್ದರು. ಇವಳು ಅವರ ಕೈಗಡಿಯಾರವನ್ನು ತನ್ನ ಕೈಗೆ ಕಟ್ಟಿಕೊಂಡು, “ಇನ್ನೂ ಆರು ನಿಮಿಷ ಅಪ್ಪ. ಕಳ್ಳಾಟ ಆಡಬೇಡಿ” ಎನ್ನುತ್ತಿದ್ದಳು. ಅವರು ಕಣ್ಣಲ್ಲೇ ಕ್ಷಮೆ ಕೇಳಿ ಮತ್ತೆ ಅಗಿಯುವರು. ದವಡೆ ನೋಯುತ್ತಿದ್ದಿರಬೇಕು, ಒಮ್ಮೊಮ್ಮೆ ಕಿವಿಯ ಕೆಳಗೆ ಒತ್ತಿ ಹಿಡಿಯುತ್ತಿದ್ದರು. ಆಸ್ಪತ್ರೆಯವರು ಏನೋ ಕೊಟ್ಟಿದ್ದಾರೆ, ಬಾಯಿ ಒಣಗದಿರಲಿ ಅಂತ, ಎಂದುಕೊಂಡೆ. ಆ ಇಪ್ಪತ್ತು ನಿಮಿಷ ಮನೆಯಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಅಷ್ಟರಲ್ಲಿ ನಾನು ಬಟ್ಟೆ ಒಗೆದು ಹಾಕಿಬಿಡುತ್ತಿದ್ದೆ.

ಇದನ್ನೆಲ್ಲ ಹಲ್ಲಕ್ಕನಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಹೇಳಿ ಮುಗಿಸಿದಾಗ ಅವಳು ಕವರುಗಳನ್ನು ಒಂದರ ಮೇಲೊಂದು ಇಡುತ್ತ, ಮತ್ತೆ ತೆಗೆಯುತ್ತ ಕುಳಿತಿದ್ದಳು.

“ನಾನು ಬೈಯೋಕೆ ಅಂತ ಬಂದಿದ್ದೆ ಅಕ್ಕಾ” ಎಂದಳು.

“ಬೈರಿ ಪರವಾಗಿಲ್ಲ. ಅವಳು ನಿಮ್ಮ ವರ್ಷದ ಕೆಲಸ ಕೆಡಿಸಿದ್ದಾಳೆ.”

“ಅವಳು ಒಂದೇ ಒಂದು ನಿಯಮಾನೂ ಮುರಿದಿಲ್ಲ ನೋಡಿ. ಇಪ್ಪತ್ತು ನಿಮಿಷ ಅಗಿಸಿದ್ದಾಳೆ, ಕಾಗದದಲ್ಲಿ ಸುತ್ತಿದ್ದಾಳೆ, ತಾರೀಖು ಬರೆದಿದ್ದಾಳೆ. ಯಾರ ಬಾಯಿ ಅನ್ನೋದನ್ನ ನಾವು ಬಿಡಿಸಿ ಹೇಳೇ ಇರಲಿಲ್ಲವೇನೋ.” ಆಮೇಲೆ ಒಂದು ಹಾಳೆ ಮುಂದಿಟ್ಟಳು. ನಲವತ್ತೊಂದನೇ ಸಂಖ್ಯೆಯನ್ನು ಲೆಕ್ಕದಿಂದ ಕೈಬಿಡಲು ನನ್ನ ಒಪ್ಪಿಗೆ ಬೇಕಿತ್ತು. ಸಹಿ ಹಾಕಿದೆ.

“ಗುಟ್ಟಿನ ಪಟ್ಟಿ ಮೊನ್ನೆ ತೆಗೆದ್ರು. ಮಕ್ಕಳ ತಂದೆ ತಾಯಿ ಕೇಳಿದ್ರೆ ಹೇಳಬಹುದು.” ನನ್ನ ಮುಖ ನೋಡಿದಳು. “ಹೇಳ್ಲಾ?”

“ಹೇಳಿ.”

“ನಿಮ್ಮ ಮಗಳದ್ದು ಬರೀದು.”

ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ನಾನು ಅವಳನ್ನು ಒಂದೇ ಒಂದು ಮಾತು ಕೇಳಿದೆ. ಕೇಳುವಾಗ ನಾಚಿಕೆಯಾಯಿತು. ಅದು ಸೊಪ್ಪಿನದೇ ಆಗಿದ್ದಿದ್ದರೆ ಅವರಿಗೆ ಏನಾದರೂ?

“ಇಲ್ಲ ಅಕ್ಕಾ.” ಅವಳು ತಡಮಾಡದೆ ಹೇಳಿದಳು. “ಅದು ಹಲ್ಲಿಗೆ ಮಾತ್ರ. ಹುಳುಕು ಹಿಡಿಸೋ ಕ್ರಿಮಿಗಳನ್ನ ಸ್ವಲ್ಪ ತಗ್ಗಿಸುತ್ತೆ ಅಂತ ನಮ್ಮ ಆಸೆ. ಅದೂ ಎಷ್ಟರ ಮಟ್ಟಿಗೆ ಅಂತ ನೋಡೋಕೇ ಇಷ್ಟೆಲ್ಲ ಮಾಡಿದ್ದು. ಒಣಗಿದ ಬಾಯಿಗೆ ಅಗಿಯೋದ್ರಿಂದಾನೇ ಹಿತ, ಸೊಪ್ಪಿನದಾದ್ರೂ ಅಷ್ಟೇ, ಬರೀದಾದ್ರೂ ಅಷ್ಟೇ. ಅವರಿಗೆ ಅದರಿಂದ ಒಂದಿಷ್ಟು ಹಿತ ಆಗಿರುತ್ತೆ. ಅಷ್ಟನ್ನ ನಾನು ಖಂಡಿತ ಹೇಳಬಲ್ಲೆ.”

ಅವಳು ಕವರುಗಳನ್ನೆಲ್ಲ ಎತ್ತಿ ಪೆಟ್ಟಿಗೆಗೆ ಹಾಕಿಕೊಂಡಳು. ಅವುಗಳಲ್ಲಿ ಒಂದನ್ನು ನನಗೆ ಬಿಟ್ಟು ಹೋಗಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ಅಗಿದು ಬಿಟ್ಟ ಗಮ್ಮನ್ನು ಯಾವ ಡಬ್ಬಿಯಲ್ಲಿ ಇಡಲಿ, ಯಾರಿಗೆಂದು ತೋರಿಸಲಿ.

ಅತ್ತೆ ಹಿಂತಿರುಗಿದಾಗ ನಾನು ಪ್ಯಾಂಟಿನ ಅಂಚು ಬಿಚ್ಚುತ್ತಿದ್ದೆ. ಅವರು ಚಪ್ಪಲಿ ಬಿಟ್ಟು, ಹಲ್ಲು ತೆಗೆದು ಲೋಟದಲ್ಲಿ ಹಾಕಿ, ನನ್ನೆದುರು ಕುಳಿತರು. ಹಲ್ಲಿಲ್ಲದಾಗ ಅವರ ಮುಖ ಹತ್ತು ವರ್ಷ ಮುದಿಯಾಗುತ್ತದೆ.

“ಏನಂತೆ ಆ ಹುಡುಗಿ?”

ಹೇಳಿದೆ. ತೂಕದ ವಿಷಯ ಹೇಳಿದೆ, ಗುರುತಿನ ವಿಷಯ ಹೇಳಿದೆ. ಮಗಳು ತನ್ನ ಪಾಲಿನ ಗಮ್ಮನ್ನು ಐದೂವರೆ ತಿಂಗಳು ಅಪ್ಪನಿಗೆ ಕೊಟ್ಟಿದ್ದಾಳೆ ಎಂದೆ. ಅತ್ತೆಗೆ ಆಶ್ಚರ್ಯವಾಗಲಿಲ್ಲ. ಬಾಗಿ ನೆಲದ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು.

“ನಿಮಗೆ ಗೊತ್ತಿತ್ತಾ ಅತ್ತೆ?”

ದಾರ ಹೆಕ್ಕುತ್ತಲೇ ಇದ್ದರು.

“ಅತ್ತೆ.”

“ನಾನೇ ಕಣಮ್ಮ ಹೇಳಿದ್ದು.” ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು. “ಕರೆಂಟು ಮುಗಿಸಿ ಮನೆಗೆ ಬಂದ ದಿನ. ಮಗು ಗಮ್ಮು ಬಾಯಿಗೆ ಹಾಕ್ಕೊಳ್ಳೋಕೆ ಹೊರಟಿತ್ತು. ನಾನೇ ಕೈ ಹಿಡಿದೆ. ಗಿಡದ ಸಾರ ಅಂತ ಹೇಳಿದ್ಲಲ್ಲ ಆ ಹುಡುಗಿ, ಬೇರು, ಎಲೆ, ಏನೇನೋ. ಗಿಡದಲ್ಲಿರೋ ಶಕ್ತಿ ಈ ಡಾಕ್ಟರುಗಳಿಗೇನು ಗೊತ್ತು ಅಂದೆ. ನಿನ್ನ ಹಲ್ಲು ಬಿದ್ರೆ ಇನ್ನೊಂದು ಬರುತ್ತೆ, ಅಪ್ಪನಿಗೆ ಕೊಡು, ಗಂಟಲು ವಾಸಿಯಾಗುತ್ತೆ ಅಂದೆ. ಅಮ್ಮನಿಗೆ ಹೇಳಬೇಡ, ಬೇಡ ಅಂತಾಳೆ, ಅಂತಾನೂ ಅಂದೆ.”

ಕೋಪ ಬಂತು. ಬಂದಷ್ಟೇ ಬೇಗ ಎಲ್ಲಿಗೋ ಹೋಯಿತು. ಎದುರಿಗೆ ಕುಳಿತಿದ್ದವರು ಮಗನನ್ನು ಕಳೆದುಕೊಂಡ ತಾಯಿ. ಆ ದಿನಗಳಲ್ಲಿ ನಾನೇನು ಕಡಿಮೆ ಮಾಡಿದ್ದೆ? ಯಾರೋ ಹೇಳಿದರೆಂದು ಆಸ್ಪತ್ರೆಯ ಮೆಟ್ಟಿಲನ್ನು ಬಲಗಾಲಿಟ್ಟೇ ಹತ್ತುತ್ತಿದ್ದೆ, ತಪ್ಪಿದರೆ ಇಳಿದು ಮತ್ತೆ ಹತ್ತುತ್ತಿದ್ದೆ.

“ಅವನಿಗೆ ಗೊತ್ತಿತ್ತು, ಅದರಿಂದ ಏನೂ ಆಗಲ್ಲ ಅಂತ” ಎಂದರು ಅತ್ತೆ. “ನನ್ನ ಕಡೆ ಒಂದು ನೋಟ ನೋಡಿದ. ಆಮೇಲೆ ಮಗಳ ಕೈಯಿಂದ ತಗೊಂಡು ಬಾಯಿಗೆ ಹಾಕ್ಕೊಂಡ. ದಿನಾ ಹಾಕ್ಕೊಂಡ.” ದಾರದ ತುಂಡುಗಳನ್ನು ಅಂಗೈಯಲ್ಲಿ ಉಂಡೆ ಮಾಡಿದರು. “ಆ ಹುಡುಗಿ ಹೇಳಿದ್ಲಾ, ಅದು ಸೊಪ್ಪಿನದಾ ಬರೀದಾ ಅಂತ?”

ಬಾಯಿ ತೆರೆದೆ. ಅತ್ತೆ ಕೈ ಎತ್ತಿ ತಡೆದರು.

“ಬೇಡ. ನಂಗೆ ಹೇಳಬೇಡ. ಯಾವುದಾದ್ರೂ ನಂಗೆ ನಿದ್ದೆ ಬರಲ್ಲ. ಮಗು ಕೇಳಿದ್ರೆ ಅವಳಿಗೆ ಹೇಳು. ಸುಳ್ಳು ಹೇಳಬೇಡ. ಒಂದು ಸುಳ್ಳು ನಾನು ಹೇಳಿದ್ದೇ ಸಾಕು.”

“ನೀವು ಹೇಳಿದ್ದು ಸುಳ್ಳಲ್ಲ ಅತ್ತೆ. ನೀವು ನಂಬಿದ್ರಿ.”

“ನಂಬಿದ್ದೆನಾ?” ಎಂದು ಅವರು ನನ್ನನ್ನೇ ಕೇಳುವಂತೆ ಕೇಳಿದರು. ಎದ್ದು, ದಾರದ ಉಂಡೆಯನ್ನು ಕಸದ ಬುಟ್ಟಿಗೆ ಹಾಕಿ, ತಮ್ಮ ಕೋಣೆಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಅಂದು ಮೂರು ಪ್ಯಾಂಟು ಮುಗಿಸಬೇಕಿತ್ತು. ಒಂದೂ ಮುಗಿಯಲಿಲ್ಲ. ಮೊದಲನೆಯದರ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಬಿಚ್ಚಬೇಕಾಯಿತು. ಹೊಲಿಯುತ್ತ, ಬಿಚ್ಚುತ್ತ, ಮಗಳಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅವಳು ಏನು ಕೇಳುತ್ತಾಳೆಂದು ಈಗ ನನಗೆ ಗೊತ್ತಾಗಿತ್ತು. ನನ್ನದು ಸೊಪ್ಪಿನದಾ ಬರೀದಾ ಎಂದು ಕೇಳುತ್ತಾಳೆ. ಬರೀದು ಎನ್ನುತ್ತೇನೆ. ಆದರೆ ಅಪ್ಪನ ಬಾಯಿಗೆ ಎರಡೂ ಒಂದೇ ಆಗಿತ್ತು, ಹಿತವಾಗಿತ್ತು, ಹಲ್ಲಕ್ಕನೇ ಹೇಳಿದ್ದಾಳೆ ಎನ್ನುತ್ತೇನೆ. ಗಂಟಲಿನ ಗಡ್ಡೆ ಯಾವ ಗಮ್ಮಿನಿಂದಲೂ ಕರಗುವಂಥದ್ದಾಗಿರಲಿಲ್ಲ ಎನ್ನುತ್ತೇನೆ. ಅಜ್ಜಿಗೆ ಅದು ಗೊತ್ತಿರಲಿಲ್ಲ, ಅಜ್ಜಿಯ ಮೇಲೆ ಸಿಟ್ಟಾಗಬೇಡ ಎನ್ನುತ್ತೇನೆ. ಈ ನಾಲ್ಕು ಮಾತನ್ನು ಯಾವುದರ ನಂತರ ಯಾವುದು ಎಂದು ಹಿಂದೆ ಮುಂದೆ ಮಾಡಿ ನೋಡಿದೆ.

ನಾಲ್ಕು ಗಂಟೆಗೆ ನಾನೇ ಹೋಗಿ ಅವಳನ್ನು ಕರೆತಂದೆ. ದಾರಿಯಲ್ಲಿ ಅವಳು ಅಜ್ಜಿ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಮನೆಯಲ್ಲಿ ಕೈಕಾಲು ತೊಳೆದು, ಹಾಲಿನ ಲೋಟ ಹಿಡಿದು, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ನಾನು ಸೂಜಿ ಕೈಗೆತ್ತಿಕೊಂಡೆ. ಅವಳ ಮುಖ ನೋಡುತ್ತ ಮಾತಾಡಿದರೆ ಅವಳು ಮಾತಾಡುವುದಿಲ್ಲ, ಅದು ನನಗೆ ಗೊತ್ತು.

“ಬೆಳಿಗ್ಗೆ ಹಲ್ಲಕ್ಕ ಬಂದಿದ್ದಳಲ್ಲ.”

“ಹೂಂ.”

“ಅಪ್ಪ ಅಗಿದ ಗಮ್ಮೆಲ್ಲ ತಂದು ತೋರಿಸಿದಳು.”

ಹಾಲು ಕುಡಿಯುವ ಸದ್ದು ನಿಂತಿತು. ನಾನು ಎರಡು ಹೊಲಿಗೆ ಹಾಕಿದೆ.

“ಬೈದ್ರಾ?”

“ಇಲ್ಲ.”

“ಸ್ಕೂಲಲ್ಲಿ ಹೇಳ್ತಾರಾ?”

“ಇಲ್ಲ ಮರಿ.”

“ಪೊಲೀಸರಿಗೆ?”

“ಗಮ್ಮಿಗೆಲ್ಲ ಪೊಲೀಸರು ಬರಲ್ಲ. ಬಂದ್ರೆ ಅಜ್ಜಿ ಸುಮ್ನೆ ಬಿಡ್ತಾರಾ ಅವರನ್ನ?”

ಅವಳು ನಗಲಿಲ್ಲ. ಲೋಟವನ್ನು ನೆಲದ ಮೇಲಿಟ್ಟಳು.

“ಹಲ್ಲಕ್ಕ ಒಂದು ಮಾತು ಹೇಳಿದಳು” ಎಂದೆ. “ನೀನು ಒಂದು ನಿಯಮಾನೂ ಮುರಿದಿಲ್ಲವಂತೆ. ಗಮ್ಮು ಅಗಿದಾಗ ಅಪ್ಪನ ಬಾಯಿಗೆ ಹಿತ ಆಗಿರುತ್ತಂತೆ. ನೀನು ಕೊಟ್ಟಿದ್ದು ತಪ್ಪಲ್ಲ. ಯಾರೂ ತಪ್ಪು ಅಂದಿಲ್ಲ.”

ಆಗ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಒಳಕೋಣೆಯಲ್ಲಿ ಅತ್ತೆಯ ಮಂಚ ಕಿರುಗುಟ್ಟಿತು, ಮತ್ತೆ ಸುಮ್ಮನಾಯಿತು. ಅವರೂ ಕಿವಿಗೊಟ್ಟು ಕುಳಿತಿದ್ದಾರೆಂದು ನನಗೆ ಗೊತ್ತಾಯಿತು.

“ಅಮ್ಮಾ.”

“ಏನು ಮರಿ?”

ನಾಲ್ಕು ತಿಂಗಳಿಂದ ಕೇಳಿ ಕೇಳಿ ರೂಢಿಯಾದ ಆ ‘ಏನಿಲ್ಲ’ ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ.

“ಎಲ್ಲಾ ಅಪ್ಪ ಅಗಿದಿದ್ದಲ್ಲ” ಎಂದಳು. “ಒಂದು ನಾನು ಅಗಿದೆ.”

“ಮೊದಲೆರಡು ತಿಂಗಳು ನೀನೇ ಅಗಿದಿದ್ದೆ. ಗೊತ್ತು ಮರಿ.”

“ಅದಲ್ಲ. ಆಮೇಲೆ. ಅಪ್ಪ ಆಸ್ಪತ್ರೆಗೆ ಹೋಗೋ ಮುಂಚಿನ ಶನಿವಾರ.” ಅವಳ ಬೆರಳುಗಳು ಸ್ಕರ್ಟಿನ ಮಡಿಕೆಯನ್ನು ಮಡಿಸುತ್ತಿದ್ದವು, ಬಿಡಿಸುತ್ತಿದ್ದವು. “ಅಪ್ಪ ಮಲಗಿದ್ರು. ಐದು ಗಂಟೆ ಆಯ್ತು. ಎಬ್ಬಿಸಬೇಕಿತ್ತು. ಎಬ್ಬಿಸೋಣ ಅಂತ ಹತ್ರ ಹೋದೆ. ಕಾಗದ ಬಿಚ್ಚಿದೆ. ವಾಸನೆ ತುಂಬಾ ಚೆನ್ನಾಗಿತ್ತಮ್ಮಾ. ಎಷ್ಟು ದಿನ ಆಗಿತ್ತು ನಾನು ತಿಂದು. ಒಂಚೂರು ನಾಲಿಗೆ ಮೇಲೆ ಇಟ್ಟು ತೆಗೆದುಬಿಡೋಣ ಅಂದ್ಕೊಂಡೆ. ಆಮೇಲೆ ಪೂರ್ತಿ ಹಾಕ್ಕೊಂಡ್ಬಿಟ್ಟೆ. ಇಪ್ಪತ್ತು ನಿಮಿಷ ನಾನೇ ಅಗಿದೆ. ಅಪ್ಪ ಎದ್ದು ಬಾಯಿ ತೋರಿಸಿದ್ರು, ಎಲ್ಲಿ ನನ್ನದು ಅಂತ. ಇವತ್ತು ರಜಾ ಅಪ್ಪ ಅಂತ ಸುಳ್ಳು ಹೇಳಿದೆ.”

ಸೋಮವಾರ ಬೆಳಿಗ್ಗೆ ಅವರನ್ನು ಆಸ್ಪತ್ರೆಯ ಗಾಡಿಯಲ್ಲಿ ಕರೆದೊಯ್ದಿದ್ದೆವು. ಅವರು ಮತ್ತೆ ಮನೆಗೆ ಬರಲಿಲ್ಲ.

ನಾನು ಜೋಡಿಸಿಟ್ಟುಕೊಂಡಿದ್ದ ನಾಲ್ಕು ಮಾತುಗಳಲ್ಲಿ ಇದಕ್ಕೆ ಒಂದೂ ಹೊಂದುತ್ತಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳ ಕಡೆ ತಿರುಗಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ನನ್ನ ಮುಖವನ್ನು ನೇರವಾಗಿ ನೋಡುತ್ತಿದ್ದಳು. ಅಳು ಬರದಂತೆ ಹಲ್ಲು ಕಚ್ಚಿ ಹಿಡಿದು, ಮತ್ತೆ ಬಿಟ್ಟು, ಅವಳು ಕೇಳಿದಳು:

“ಒಂದು ದಿನ ತಪ್ಪಿಸಿದ್ದಕ್ಕೇನಾ ಅಮ್ಮಾ, ಅಪ್ಪ ಸತ್ತುಹೋಗಿದ್ದು?”